ನಿಲ್ಲಬೇಕಿದ್ದ ಚಕ್ರ

ದಾಮೋದರ ಭಾವನ ಚಕ್ರ ಆ ದಿನ ತಾನಾಗಿ ತಿರುಗಲಿಲ್ಲ. ತಿರುಗಿಸಿದವಳು ನಾನು. ಈ ಒಂದು ಮಾತನ್ನು ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡೆ. ಭಾವನಿಗೆ ಹೇಳಲಿಲ್ಲ, ಒಡಹುಟ್ಟಿದ ಅಕ್ಕನಿಗೆ ಹೇಳಲಿಲ್ಲ, ಆ ಚಕ್ರದಿಂದಾಗಿ ಅವರಿಬ್ಬರ ನಡುವೆ ಮಾತೇ ಹಳಸಿಹೋದಾಗಲೂ ಹೇಳಲಿಲ್ಲ. ನಾನು ಪುತ್ತೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವಳು. ಅಂಥ ಚಕ್ರ ತಿರುಗಲಾರದು ಎಂದು ಹೇಳುವುದೇ ನನ್ನ ಕೆಲಸವಾಗಿತ್ತು — ಅದಕ್ಕೇ ನನಗೆ ಸಂಬಳ.

ಭಾವ ಎಂದರೆ ನನ್ನ ಅಕ್ಕ ವಾರಿಜಳ ಗಂಡ. ಕಡಬ ಪೇಟೆಯಲ್ಲಿ ಅವರದೊಂದು ಮೋಟಾರ್ ವೈಂಡಿಂಗ್ ಅಂಗಡಿಯಿತ್ತು. ಸುಟ್ಟುಹೋದ ಪಂಪಿನ ಮೋಟಾರು ಬಿಚ್ಚಿ, ಕರಕಲಾದ ತಾಮ್ರದ ತಂತಿ ಕಿತ್ತು, ಹೊಸದು ಸುತ್ತಿ ಕೊಡುವ ಕೆಲಸ. ಬೇಸಗೆಯಲ್ಲಿ ವೋಲ್ಟೇಜ್ ಬಿದ್ದಾಗ ಸುತ್ತಲಿನ ಹಳ್ಳಿಗಳ ಮೋಟಾರುಗಳೆಲ್ಲ ಜೀಪು ಹತ್ತಿ ಅಲ್ಲಿಗೆ ಬರುತ್ತಿದ್ದವು. ಭಾವ ಸುತ್ತಿದ ಮೋಟಾರು ಬೇಗ ಸುಡುವುದಿಲ್ಲ ಎಂದು ಹೆಸರಿತ್ತು. ದಿನವಿಡೀ ಕರೆಂಟಿನ ಉಪದ್ರವ ನೋಡಿ ನೋಡಿಯೋ ಏನೋ, ಕರೆಂಟೇ ಬೇಡದ ಪಂಪೊಂದನ್ನು ಮಾಡಬೇಕೆಂಬ ಹುಚ್ಚು ಅವರಿಗೆ ಹಿಡಿಯಿತು.

ಹುಚ್ಚಿಗೆ ಕಾರಣ ಮನೆಯ ಹಿಂದೆಯೇ ಇತ್ತು. ನೆಟ್ಟಣಕ್ಕೆ ಹೋಗುವ ದಾರಿಯಲ್ಲಿ ಅವರ ಮನೆ, ಹಿಂದೆ ಗುಡ್ಡ, ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಅಜ್ಜನ ಕಾಲದಲ್ಲಿ ಕೊರೆದ ಸುರಂಗ. ಅದರ ಬಾಯಿಂದ ಹಗಲೂ ರಾತ್ರಿ ನೀರು ಸುರಿಯುತ್ತದೆ. ಒಂದು ಕಪ್ಪು ಪೈಪು ಹಾಕಿಬಿಟ್ಟರೆ ಸಾಕು, ಅಡುಗೆಮನೆಯ ಟಾಂಕಿ ತಾನೇ ತುಂಬುತ್ತದೆ. ಅಂಥ ನೀರು ಕುಡಿದು ಬೆಳೆದವರಿಗೆ ಪುಕ್ಕಟೆ ಶಕ್ತಿ ಎನ್ನುವುದು ಪವಾಡವಾಗಿ ಕಾಣುವುದಿಲ್ಲ. ನಿತ್ಯದ ಸಂಗತಿಯಾಗಿ ಕಾಣುತ್ತದೆ.

“ಸುರಂಗದ ನೀರನ್ನು ಯಾರು ನೂಕುದು, ಹೇಳು ಟೀಚರ್?” ಎಂದು ಭಾವ ಕೇಳಿದ್ದರು. ಪ್ರೀತಿ ಹೆಚ್ಚಾದಾಗ, ಚೇಷ್ಟೆ ಮಾಡಬೇಕೆನಿಸಿದಾಗ, ಅವರು ನನ್ನನ್ನು ಶಶಿ ಎನ್ನದೆ ಟೀಚರ್ ಎನ್ನುತ್ತಿದ್ದರು. “ಕರೆಂಟು ಉಂಟಾ? ಡೀಸೆಲ್ ಉಂಟಾ? ಬರ್ತಾ ಇಲ್ವಾ ಹಾಗಾದ್ರೆ?”

ಉತ್ತರ ನನಗೆ ಗೊತ್ತಿತ್ತು. ಆ ನೀರನ್ನು ಮೇಲೆತ್ತಿದ್ದು ಸೂರ್ಯ, ಗುಡ್ಡದ ಮೇಲೆ ಇಳಿಸಿದ್ದು ಮಳೆ. ಸುರಂಗ ಏನನ್ನೂ ಹುಟ್ಟಿಸುವುದಿಲ್ಲ, ಬೇರೆಯವರು ಎತ್ತಿಟ್ಟದ್ದನ್ನು ಇಳಿಸಿಕೊಡುತ್ತದೆ ಅಷ್ಟೆ. ಆದರೆ ಭಾವ ಆಗಲೇ ಹಳೆಯ ಕೊಟ್ಟಿಗೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ತಮ್ಮ ಯಂತ್ರ ಬರೆದು ತೋರಿಸುತ್ತಿದ್ದರು. ಮೇಲೆ ಅಟ್ಟದಲ್ಲೊಂದು ಡ್ರಮ್ಮು. ಅದರಿಂದ ಬೀಳುವ ನೀರು ಕೆಳಗಿನ ಮರದ ಚಕ್ರವನ್ನು ತಿರುಗಿಸುತ್ತದೆ. ಚಕ್ರ ಒಂದು ಕೈಪಂಪನ್ನು ಒತ್ತುತ್ತದೆ. ಪಂಪು ಕೆಳಗಿನ ತೊಟ್ಟಿಗೆ ಬಿದ್ದ ನೀರನ್ನು ಮತ್ತೆ ಡ್ರಮ್ಮಿಗೆ ಏರಿಸುತ್ತದೆ. ಒಂದು ಸಲ ತುಂಬಿದರೆ ಸಾಕು, ಮತ್ತೆ ಅದರಷ್ಟಕ್ಕೆ ನಡೆಯುತ್ತಲೇ ಇರುತ್ತದೆ.

ನಡೆಯುವುದಿಲ್ಲ. ಇದನ್ನು ನಾನು ತರಗತಿಯಲ್ಲಿ ಎಷ್ಟು ಬಾರಿ ಹೇಳಿದ್ದೇನೋ. ಹತ್ತು ಕೊಡ ನೀರು ಬೀಳುವಾಗ ಕೊಡುವ ಶಕ್ತಿ, ಎಲ್ಲವೂ ಸರಿಯಿದ್ದರೆ, ಅದೇ ಹತ್ತು ಕೊಡವನ್ನು ಅಷ್ಟೇ ಎತ್ತರಕ್ಕೆ ಏರಿಸಲು ಸಾಕು. ಒಂದು ಹನಿ ಹೆಚ್ಚಿಗೆ ಇಲ್ಲ. ಆದರೆ ಎಲ್ಲವೂ ಎಂದೂ ಸರಿಯಿರುವುದಿಲ್ಲ: ಅಚ್ಚು ಬಿಸಿಯಾಗುತ್ತದೆ, ನೀರು ಸಿಡಿಯುತ್ತದೆ, ಪಂಪು ಕೀರುಗುಟ್ಟುತ್ತದೆ. ಆ ಬಿಸಿಗೆ, ಆ ಸದ್ದಿಗೆ ಕೂಡ ಶಕ್ತಿ ಖರ್ಚಾಗಬೇಕಲ್ಲ? ಆದ್ದರಿಂದ ಹತ್ತು ಬಿದ್ದರೆ ಮೇಲೇರುವುದು ಐದೋ ಆರೋ. ಡ್ರಮ್ಮು ಬರಿದಾಗುತ್ತದೆ, ಚಕ್ರ ನಿಲ್ಲುತ್ತದೆ. ಎಣ್ಣೆ ಹಾಕಿದರೆ ಸ್ವಲ್ಪ ತಡವಾಗಿ ನಿಲ್ಲುತ್ತದೆ. ನಿಲ್ಲುವುದಂತೂ ನಿಜ.

ಇಷ್ಟನ್ನು ಆ ದಿನ, ಸೀಮೆಸುಣ್ಣದ ಗೆರೆಗಳ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತಿದ್ದ ಭಾವನಿಗೆ ಹೇಳಬೇಕಿತ್ತು. ನಾನು ಹೇಳಿದ್ದು ಒಂದೇ ಶಬ್ದ: “ನೋಡುವ.”

ನಮ್ಮ ಕಡೆಯವರಿಗೆ ಈ ಶಬ್ದದ ರುಚಿ ಗೊತ್ತು. ಮುಖದ ಮೇಲೆ ಹೊಡೆದಂತೆ ಇಲ್ಲ ಎನ್ನುವ ಕ್ರಮ ನಮ್ಮಲ್ಲಿಲ್ಲ. ಮದುವೆಗೆ ಬರ್ತೀರಾ ಎಂದರೆ ನೋಡುವ, ಆ ಸಂಬಂಧ ಆಗಬಹುದಾ ಎಂದರೆ ನೋಡುವ. ನೋಡುವ ಎಂದರೆ ಆಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ ಎಂದರ್ಥ. ಭಾವನಿಗೂ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಆಸೆಗೆ ಕಿವಿಯೇ ಬೇರೆ. ನೋಡುವ ಎಂದರೆ ನಾವಿಬ್ಬರೂ ಸೇರಿ ನೋಡೋಣ ಎಂದೂ ಅರ್ಥವಾಗುತ್ತದಲ್ಲ — ಅವರು ಅದನ್ನು ಹಿಡಿದುಕೊಂಡರು. “ನಮ್ಮ ಟೀಚರ್ ಕೂಡ ನೋಡುವ ಅಂದಿದ್ದಾಳೆ” ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದರಂತೆ. ನನ್ನ ಕಿವಿಗೂ ಬಿತ್ತು. ತಿದ್ದಲಿಲ್ಲ.

ಆ ವರ್ಷ ಹೊಸ ಅಕ್ಕಿ ಊಟಕ್ಕೆ ಮನೆ ತುಂಬ ನೆಂಟರು. ಹೊಸ ಭತ್ತದ ತೆನೆ ಕಟ್ಟುವಾಗ ಭಾವ ಬಾಗಿಲಿಗೆ, ಬಾವಿಕಟ್ಟೆಗೆ ಕಟ್ಟಿದಂತೆ ತಮ್ಮ ಚಕ್ರಕ್ಕೂ ಒಂದು ತೆನೆ ಕಟ್ಟಿದ್ದರು. ಊಟಕ್ಕೆ ಮೊದಲು ಎಲ್ಲರನ್ನೂ ಕೊಟ್ಟಿಗೆಗೆ ಕರೆದರು. ಡ್ರಮ್ಮು ತುಂಬಿ ಬಿಟ್ಟದ್ದೇ ಚಕ್ರ ಹೊರಟಿತು. ಚಂದವಾಗಿ ಹೊರಟಿತು, ಅದನ್ನು ನಾನು ಹೇಳಲೇಬೇಕು. ಭಾವನ ಸೋದರಮಾವ ಒಬ್ಬರಿದ್ದರು, ಬಾಯಿ ಹರಿತದವರು. ಕುರ್ಚಿ ಹಾಕಿಸಿಕೊಂಡು ಕೂತು, “ಎಷ್ಟು ಹೊತ್ತು ಹೋಗ್ತದೆ ಇದು? ನಮ್ಮ ಪಾಯಸ ಆಗುವವರೆಗಾದ್ರೂ ಹೋಗ್ತದಾ ದಾಮು?” ಎಂದರು. ಜನ ನಕ್ಕರು. ಭಾವ ನಗಲಿಲ್ಲ. “ನಿಲ್ಲುದಿಲ್ಲ ಮಾವ. ಬೇಕಾದ್ರೆ ಟೀಚರನ್ನು ಕೇಳಿ.”

ಎಲ್ಲರೂ ನನ್ನತ್ತ ತಿರುಗಿದರು. ಬಾಳೆಲೆ ತರುತ್ತೇನೆ ಎಂದು ನಾನು ಕೊಟ್ಟಿಗೆಯ ಹಿಂದಕ್ಕೆ ಹೋದೆ.

ಹಿಂದೆ ನಿಂತು ಕೇಳುತ್ತಿದ್ದೆ. ಚಕ್ರದ ಸದ್ದು ಸಡಿಲವಾಗುತ್ತಾ ಬಂದಿತ್ತು, ಪಂಪಿನ ಎರಡು ಒತ್ತುಗಳ ನಡುವೆ ಬಿಡುವು ಬೆಳೆಯುತ್ತಿತ್ತು. ಇನ್ನೇನು… ಸುರಂಗದ ಕಪ್ಪು ಪೈಪು ಅದೇ ಗೋಡೆಯ ಮೇಲ್ಗಡೆಯಿಂದ ಹಾದು ಅಡುಗೆಮನೆಯ ಟಾಂಕಿಗೆ ಹೋಗುತ್ತಿತ್ತು. ನಡುವೆ ಟ್ಯೂಬು ಸುತ್ತಿ ಕಟ್ಟಿದ ಒಂದು ಜೋಡಣೆ. ನನ್ನ ಕೈ ಅದನ್ನು ಬಿಚ್ಚಿತು. ತುದಿಯನ್ನು ಹೆಂಚಿನ ಮಾಡಿನ ಸಂದಿನಲ್ಲಿ ತೂರಿಸಿ ಅಟ್ಟದ ಡ್ರಮ್ಮಿಗೆ ಬಿಟ್ಟೆ. ಕೆಳಗೆ ನಿಂತವರಿಗೆ ಡ್ರಮ್ಮಿನ ಬಾಯಿ ಕಾಣುತ್ತಿರಲಿಲ್ಲ. ಮಳೆ ಮುಗಿದ ಹೊಸತು, ಸುರಂಗದಲ್ಲಿ ದಂಡಿಯಾಗಿ ನೀರಿತ್ತು. ಚಕ್ರ ಚೇತರಿಸಿಕೊಂಡಿತು.

ನಾನು ಬಾಳೆಲೆ ಹಿಡಿದು ಮರಳುವ ಹೊತ್ತಿಗೆ ಸೋದರಮಾವನ ನಗು ನಿಂತಿತ್ತು. ಕೆಳಗಿನ ತೊಟ್ಟಿ ತುಂಬಿ ನೆಲಕ್ಕೆ ಹರಿಯುತ್ತಿತ್ತು. ಅಲ್ಲಿದ್ದ ಒಬ್ಬರಾದರೂ ಕೇಳಬಹುದಿತ್ತು: ಅಷ್ಟೇ ನೀರು ಸುತ್ತುತ್ತಿದ್ದರೆ ತೊಟ್ಟಿ ತುಂಬಿ ಹರಿಯುವುದು ಹೇಗೆ? ಯಾರೂ ಕೇಳಲಿಲ್ಲ. ಭಾವ ಮಾತ್ರ ಆ ನೀರಿನಲ್ಲಿ ಬರಿಗಾಲಲ್ಲಿ ನಿಂತು, ಎರಡೂ ಕೈ ಮೇಲೆತ್ತಿ, “ನೋಡಿ, ಹೆಚ್ಚಿಗೆ ಬರ್ತಾ ಉಂಟು! ಕೊಟ್ಟದ್ದಕ್ಕಿಂತ ಹೆಚ್ಚು ಬರ್ತಾ ಉಂಟು!” ಎಂದರು. ಒಳಗಿನಿಂದ ಅಕ್ಕ, ಟಾಂಕಿಗೆ ನೀರು ಬರ್ತಾ ಇಲ್ಲ ಎಂದು ಕೂಗಿದಳು. ಪೈಪಿಗೆ ಎಲೆ ಸಿಕ್ಕಿರಬೇಕು, ನಾನು ನೋಡ್ತೇನೆ ಎಂದೆ. ಊಟಕ್ಕೆ ಹೊತ್ತಾಯಿತೆಂದು ಭಾವ ತಾವೇ ಕೈಯಡ್ಡ ಹಿಡಿದು, ಹಟಮಾರಿ ಕರುವನ್ನು ಹಿಡಿದು ನಿಲ್ಲಿಸುವಂತೆ, ಚಕ್ರವನ್ನು ನಿಲ್ಲಿಸಿದರು. ಎಲ್ಲರೂ ಎಲೆಯ ಮುಂದೆ ಕೂರುವಷ್ಟರಲ್ಲಿ ನಾನು ಪೈಪನ್ನು ಮೊದಲಿನಂತೆ ಕಟ್ಟಿಬಿಟ್ಟಿದ್ದೆ.

ಅಕ್ಕನ ಗಂಡನಿಗೆ ನೆಂಟರ ಮುಂದೆ ಅವಮಾನವಾಗಬಾರದೆಂದು ಹೀಗೆ ಮಾಡಿದೆ — ಬಹಳ ಕಾಲ ನನಗೆ ನಾನೇ ಹೇಳಿಕೊಂಡದ್ದು ಇದನ್ನೇ. ಅದರಲ್ಲಿ ಸುಳ್ಳಿಲ್ಲ, ಆದರೆ ಅದು ಪೂರ್ತಿ ನಿಜವಲ್ಲ. ಚಕ್ರ ನಿಂತಿದ್ದರೆ ಭಾವ ನನ್ನತ್ತ ತಿರುಗುತ್ತಿದ್ದರು. ನಿನಗೆ ಗೊತ್ತಿರಲಿಲ್ಲವಾ ಎಂದು ಕೇಳುತ್ತಿದ್ದರು. ಗೊತ್ತಿರಲಿಲ್ಲ ಎಂದರೆ ನಾನೆಂಥ ಟೀಚರು. ಗೊತ್ತಿತ್ತು ಎಂದರೆ ನಾನೆಂಥ ನಾದಿನಿ? ನಾನು ಕಾಪಾಡಿದ್ದು ನನ್ನ ಮರ್ಯಾದೆಯನ್ನು. ಈಗ ಬರೆಯುವಾಗಲೂ ಇದಕ್ಕಿಂತ ಮೆತ್ತಗಿನ ಮಾತು ಸಿಗುತ್ತದೋ ಎಂದು ಹುಡುಕುತ್ತೇನೆ — ಸಿಗುವುದಿಲ್ಲ.

ಸಂಜೆ ಹೇಳಬೇಕೆಂದಿದ್ದೆ. ಸಂಜೆ ಭಾವ ನನ್ನ ತಲೆಯ ಮೇಲೆ ಕೈಯಿಟ್ಟು, ನೀನೊಬ್ಬಳು ನಂಬಿದ್ದಕ್ಕೆ ಆಯ್ತು ಎಂದರು. ಮತ್ತೆ ಹೇಳುವುದು ಹೇಗೆ…

ಮರುದಿನ ನಾನು ಕಾಣಿಯೂರಿಗೆ, ನನ್ನ ಮನೆಗೆ ಹೋದೆ. ಅತ್ತ ಅಕ್ಕ, ನೆಂಟರು ಹೋದ ಮೇಲೆ ಮನೆಯನ್ನೆಲ್ಲ ಗುಡಿಸಿ ಸಾರಿಸುವಾಗ, ಕೊಟ್ಟಿಗೆಯ ಡ್ರಮ್ಮನ್ನೂ ತೊಟ್ಟಿಯನ್ನೂ ಇದ್ದ ನೀರು ಚೆಲ್ಲಿ ತೊಳೆದಿಟ್ಟಳು. ಅದರ ನಂತರ ಭಾವ ನೀರು ತುಂಬಿ ಬಿಟ್ಟರು. ಚಕ್ರ ಸ್ವಲ್ಪ ಹೊತ್ತು ತಿರುಗಿ ನಿಂತಿತು. ಮತ್ತೆ ಬಿಟ್ಟರು, ಮತ್ತೆ ನಿಂತಿತು. ನಿನ್ನೆ ನಿಲ್ಲದ್ದು ಇಂದೇಕೆ ನಿಂತಿತು? ನಿನ್ನೆಗೂ ಇಂದಿಗೂ ನಡುವೆ ಅದನ್ನು ಮುಟ್ಟಿದವಳು ಒಬ್ಬಳೇ.

“ನೀನು ಎಂತದೋ ತಪ್ಪಿಸಿದ್ದಿ” — ಅಕ್ಕನ ಸಂಸಾರಕ್ಕೆ ಭಾವನ ಈ ಮಾತು ಹೊಕ್ಕದ್ದು ಹೀಗೆ. ಹೊಕ್ಕದ್ದು ಹೊರಡಲೇ ಇಲ್ಲ. ಭಾವ ಡ್ರಮ್ಮಿನ ಎತ್ತರ ಬದಲಿಸಿದರು, ಚಕ್ರವನ್ನು ಬೇರೆ ಮರದಲ್ಲಿ ಮಾಡಿಸಿದರು, ತೆನೆ ಕಟ್ಟಿದ್ದರಿಂದ ಒಂದು ಬದಿಗೆ ಭಾರ ಹೆಚ್ಚಾಗಿ ತಿರುಗಿತೋ ಎಂದು ಮತ್ತೆ ತೆನೆ ಕಟ್ಟಿ ನೋಡಿದರು. ಅಂಗಡಿಗೆ ಹೋಗುವುದು ವಾರಕ್ಕೊಮ್ಮೆಯಾಯಿತು. ಕೊನೆಗೆ ಅದರ ಬಾಗಿಲನ್ನೇ ಹಾಕಿದರು. ಮೋಟಾರು ಸುಟ್ಟವರು ಪುತ್ತೂರಿಗೆ, ಸುಳ್ಯಕ್ಕೆ ಹೋಗತೊಡಗಿದರು. ಯಾರಾದರೂ ನಕ್ಕರೆ ಭಾವ ಹೇಳುತ್ತಿದ್ದರು: ಒಂದು ಸಲ ಆಗಿದೆ, ಕಣ್ಣಾರೆ ಕಂಡಿದ್ದೇವೆ, ಮನೆಯಲ್ಲಿ ಕೈಯಾಡಿಸದಿದ್ದರೆ ಇವತ್ತಿಗೂ ತಿರುಗ್ತಾ ಇತ್ತು. ಅಕ್ಕ ಒಳಗಿದ್ದು ಕೇಳಿಸಿಕೊಳ್ಳುತ್ತಿದ್ದಳು. ಕೊಟ್ಟಿಗೆಯ ಹೊಸ್ತಿಲು ತುಳಿಯುವುದನ್ನು ಅವಳು ಬಿಟ್ಟೇಬಿಟ್ಟಳು.

ಆಗುವುದೇ ಇಲ್ಲ ಎಂದು ಗೊತ್ತಿದ್ದವನು ಒಂದಲ್ಲ ಒಂದು ದಿನ ಕೈ ಬಿಡುತ್ತಾನೆ. ಒಮ್ಮೆ ಆಗಿತ್ತು ಎಂದುಕೊಂಡವನು ಬಿಡಲಾರ. ಭಾವನಿಂದ ಆ ಬಿಡುವ ದಾರಿಯನ್ನು ಕಿತ್ತುಕೊಂಡವಳು ನಾನು.

ನಾನು ಹೋದಾಗಲೆಲ್ಲ ಭಾವ ಕೇಳುವುದು ಒಂದೇ: “ನೀನೂ ನೋಡಿದ್ದಿಯಲ್ಲ?” ನೋಡಿದ್ದೇನೆ ಭಾವ ಎನ್ನುತ್ತಿದ್ದೆ. ಸುಳ್ಳಲ್ಲ ನೋಡಿ! ಇಂಥ ಸುಳ್ಳಲ್ಲದ ಮಾತುಗಳನ್ನು ಹೆಕ್ಕಿ ಆಡುವುದರಲ್ಲಿ ನಾನು ಪಳಗಿದ್ದೆ. ಮರುದಿನ ಕಾಲೇಜಿಗೆ ಹೋಗಿ, ಶಕ್ತಿಯನ್ನು ಸೃಷ್ಟಿಸಲಾಗದು, ನಾಶಮಾಡಲೂ ಆಗದು ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಎಲ್ಲಾದರೂ ಹೆಚ್ಚಿಗೆ ಬಂದಂತೆ ಕಂಡರೆ ಮೊದಲು ಹಿಂದೆ ಹೋಗಿ ನೋಡಿ, ಯಾರೋ ಎಲ್ಲಿಂದಲೋ ಹಾಕುತ್ತಿರುತ್ತಾರೆ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಮಕ್ಕಳು ನಗುತ್ತಿದ್ದರು. ಧ್ವನಿ ಕೂಡ ನಡುಗದೆ ಹೇಳುತ್ತಿದ್ದೆನಲ್ಲ, ಅದು ನೆನಪಾದರೆ ಈಗ ನಾಚಿಕೆಯಾಗುತ್ತದೆ.

ಕಳೆದ ತಿಂಗಳು ಹೋಗಿದ್ದೆ. ಮಧ್ಯಾಹ್ನಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು, ಒಲೆಯ ಮೇಲೆ ಕುಚ್ಚಲಕ್ಕಿ ಬೇಯುತ್ತಿತ್ತು. ಭಾವನ ಕಣ್ಣು ಈಗ ಮಂಜು. ಜಗಲಿಯಲ್ಲಿ ಕೂತು, ಅಕ್ಕನನ್ನು ಕರೆದು, ಸಿಟ್ಟೇನೂ ಇಲ್ಲದೆ, ಬೇಡಿಕೊಳ್ಳುವವರಂತೆ ಕೇಳಿದರು: “ವಾರಿಜಾ, ನೀನು ಚೆಲ್ಲುವಾಗ ಡ್ರಮ್ಮಿನಲ್ಲಿ ನೀರು ಎಷ್ಟಿತ್ತು? ಒಮ್ಮೆ ನೆನಪು ಮಾಡು ಮಾರಾಯ್ತಿ.”

ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಬಂದಳು. “ನನ್ನದೇ ತಪ್ಪು ಅಂತ ಒಪ್ಪಿ ಆಯ್ತಲ್ಲ? ತೊಳಿಬಾರ್ದಿತ್ತು. ಎಂತಕ್ಕೆ ತೊಳೆದೆನೋ ಏನೋ” ಎಂದಳು.

ಅವಳು ಅದನ್ನು ನಂಬಿದ್ದಳು. ಗಂಡನ ಬಾಯಿ ಮುಚ್ಚಿಸಲು ಆಡಿದ ಮಾತಲ್ಲ ಅದು — ನಿಜವಾಗಿ ನಂಬಿದ್ದಳು. ಅಲ್ಲಿಯವರೆಗೂ ಅವಳು ಸುಮ್ಮನೆ ಸಹಿಸಿಕೊಂಡಿದ್ದಾಳೆ ಎಂದೇ ನಾನು ತಿಳಿದಿದ್ದೆ.

“ಭಾವ, ಸುರಂಗದ ಪೈಪು ತೆಗೆದು ಡ್ರಮ್ಮಿಗೆ ಹಾಕಿದ್ದು ನಾನು” ಎಂದೆ. ಇಷ್ಟು ವರ್ಷ ಹೊತ್ತುಕೊಂಡದ್ದು, ಹೇಳುವುದಕ್ಕೆ ಒಂದು ಉಸಿರೂ ಹಿಡಿಯಲಿಲ್ಲ.

ಭಾವ ನಾನಿದ್ದ ಕಡೆಗೆ ಮುಖ ಮಾಡಿದರು. ಕೇಳಿದರು: “ಹಾಗಾದ್ರೆ ಆ ದಿನವೂ ನಿಲ್ತಾ ಇತ್ತಾ?”

“ನಿಲ್ತಾ ಇತ್ತು ಭಾವ.”

“ಆ ಹೆಚ್ಚಿನ ನೀರು?”

“ಸುರಂಗದ್ದು.”

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಅಷ್ಟಾದರೂ ಸಿಗುತ್ತಿತ್ತು. ಅಕ್ಕನ ಕಡೆ ಕೈ ಚಾಚಿದರು. ಕಣ್ಣು ಕಾಣದ್ದರಿಂದ ಕೈ ಗಾಳಿಯಲ್ಲೇ ಉಳಿಯಿತು. “ವಾರಿಜಾ” ಎಂದರು. ಅಕ್ಕ ಅವರ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ಕಾಲು ಹಿಡಿಯಬೇಕೆಂದು ನಾನು ಎದ್ದೆ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ನಾನು ಯಾರೆಂದು ಗುರುತು ಸಿಗದವಳಂತೆ ನೋಡುತ್ತಿದ್ದಳು.

“ನೀನು ಹೋಗು ಶಶಿ. ಬಸ್ಸಿಗೆ ಹೊತ್ತಾಯ್ತು.”

ಅನ್ನ ಬೆಂದ ಪರಿಮಳ ಜಗಲಿಯವರೆಗೂ ಬರುತ್ತಿತ್ತು. ಊಟದ ಹೊತ್ತಿಗೆ ಬಂದವರನ್ನು ಉಣ್ಣಿಸದೆ ಕಳಿಸುವ ಮನೆ ನಮ್ಮೂರಲ್ಲಿಲ್ಲ. ನನ್ನ ಅಕ್ಕನದಂತೂ ಎಂದೂ ಅಲ್ಲ. ನಾನು ಚೀಲ ತೆಗೆದುಕೊಂಡು ಇಳಿದೆ. ರಸ್ತೆಗೆ ಬಂದು ನಿಂತೆ. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಅದು ಅಕ್ಕನಿಗೂ ಗೊತ್ತಿತ್ತು.