ಅತ್ತೆಯವರು ಕೂತ ಪ್ರಸಂಗ

ಇವತ್ತು ಬೆಳಿಗ್ಗೆ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಪೇಪರು ನೋಡುತ್ತಿದ್ದೆ. ಉಕ್ಕಡಂ ಮಾರ್ಕೆಟ್ಟಿನಿಂದ ಮೀನಿನ ಡಬ್ಬಿ ಹೊತ್ತ ಲಗೇಜ್ ಆಟೊ ಒಂದು ನಮ್ಮ ಗಲ್ಲಿಗೆ ನುಗ್ಗಿ, ದಾರಿ ತಪ್ಪಿದ್ದು ಗೊತ್ತಾಗಿ, ‘ಕೀಂ ಕೀಂ ಕೀಂ’ ಎಂದು ಕೂಗಿಕೊಳ್ಳುತ್ತ ಹಿಂದಕ್ಕೆ ಬರತೊಡಗಿತು. ಅದು ಇದ್ದದ್ದು ಗಲ್ಲಿಯ ಆ ತುದಿಯಲ್ಲಿ. ಆದರೂ ನಾನು ಎರಡೂ ಕಾಲನ್ನು ಚಕ್ಕನೆ ಕುರ್ಚಿಯ ಮೇಲೆ ಎತ್ತಿಕೊಂಡೆ. ಒಳಗಿನಿಂದ ಬಂದ ಹೆಂಡತಿ ರೇವತಿ ಅದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗಲಿ. ಗಾಡಿ ಹಿಂದಕ್ಕೆ ಬರುವ ಸದ್ದು ಕೇಳಿದರೆ ಕಾಲು ಬಚ್ಚಿಟ್ಟುಕೊಳ್ಳುವ ಈ ಅಭ್ಯಾಸ ನನಗೆ ಅಂಟಿದ್ದು ಅವಳ ತಾಯಿಯಿಂದ, ಅದೂ ಮೊಸಳೆಗಳ ಸಮ್ಮುಖದಲ್ಲಿ. ಹೇಳುತ್ತೇನೆ ಕೇಳಿ.

ನಾನು ತಿಪಟೂರಿನ ಕಡೆಯವನು. ಪಂಪ್‌ಸೆಟ್ ಕಂಪನಿಯೊಂದರ ಆಫೀಸಿನ ಕೆಲಸಕ್ಕೆಂದು ಕೊಯಮತ್ತೂರಿಗೆ ಬಂದು, ಪಲ್ಲಡಂನ ಹುಡುಗಿಯನ್ನು ಮದುವೆಯಾಗಿ ಇಲ್ಲೇ ನಿಂತವನು. ಅವಳದು ತಲೆಮಾರುಗಳಿಂದ ಈ ಸೀಮೆಯಲ್ಲೇ ಇರುವ ನೇಕಾರರ ಮನೆ. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಮಾತ್ರ ಒಬ್ಬರಿಗೂ ಬಾರದು. ನನ್ನ ಕನ್ನಡವನ್ನು ಅವರು ರೇಡಿಯೊ ಕನ್ನಡ ಎನ್ನುತ್ತಾರೆ. ನಾನು ‘ಊಟವಾಯಿತೇ?’ ಎಂದರೆ ಇನ್ನೇನು ಹವಾಮಾನ ವರದಿಯೂ ಬರುತ್ತದೆ ಎಂಬಂತೆ ಕಾಯುತ್ತಾರೆ. ಅವರ ಕನ್ನಡಕ್ಕೆ ಇಲ್ಲಿಯ ತಮಿಳಿನ ‘ಂಗ’ ಎಂಬ ಮರ್ಯಾದೆಯ ಬಾಲವುಂಟು. ಬನ್ನಿಂಗ, ಸರಿಂಗ, ಪರವಾಯಿಲ್ಲಂಗ. ಮೊದಮೊದಲು ಕೇಳಿದಾಗ ಎಲ್ಲರೂ ಸಣ್ಣ ಗಂಟೆ ಬಾರಿಸಿಕೊಂಡು ಮಾತಾಡುತ್ತಿದ್ದಾರೆ ಅನ್ನಿಸಿತ್ತು.

ಆ ಮನೆಯ ಮರ್ಯಾದೆಯ ತುತ್ತತುದಿ ಎಂದರೆ ನನ್ನ ಅತ್ತೆ. ಅಳಿಯನನ್ನು ಅಲ್ಲಿ ಮಾಪ್ಳೆ ಎನ್ನುತ್ತಾರೆ. ಮಾಪ್ಳೆಯ ಎದುರಿಗೆ ಅತ್ತೆಯಾದವಳು ಕೂರುವಂತಿಲ್ಲ, ಅವನೊಂದಿಗೆ ನೇರವಾಗಿ ಮಾತಾಡುವಂತಿಲ್ಲ. ಯಾರು ಮಾಡಿದ ಕಾನೂನು ಎಂದು ಕೇಳಿದರೆ ‘ಮೊದಲಿಂದ ಅಂಗೇ’ ಎಂಬ ಉತ್ತರ. ನಾನು ಕಣ್ಣೆದುರಿಗೇ ಇದ್ದರೂ ‘ರೇವತೀ, ಮಾಪ್ಳೆ ಕಾಪಿ ಕುಡೀತಾರಾ ಕೇಳು’ ಎಂದು ಅಡುಗೆಮನೆಯ ಬಾಗಿಲಿನಿಂದ ಪ್ರಶ್ನೆ ಹೊರಡುತ್ತಿತ್ತು. ಆ ಹೊತ್ತಿಗೆ ರೇವತಿ ಸ್ನಾನಕ್ಕೆ ಹೋಗಿದ್ದರೆ ನನಗೆ ಕಾಪಿ ಇಲ್ಲ.

ಮಾತಾಡದಿದ್ದರೆ ನಷ್ಟವಿಲ್ಲ, ನನ್ನ ಮಾತು ಕೇಳಿ ಉದ್ಧಾರವಾದವರು ಯಾರೂ ಇಲ್ಲ. ಕಷ್ಟ ಇದ್ದದ್ದು ನಿಲ್ಲುವುದರಲ್ಲಿ. ವರ್ಷಗಟ್ಟಲೆ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ತುಳಿದ ಅತ್ತೆಯ ಮಂಡಿಗಳು ಪೂರ್ತಿ ಕೈಕೊಟ್ಟಿದ್ದವು. ನಿಲ್ಲಬೇಡಿ ಎಂದು ಡಾಕ್ಟರು ಹೇಳಿದ್ದಕ್ಕೆ ‘ಮಾಪ್ಳೆ ಇಲ್ಲದಾಗ ನಿಲ್ಲಲ್ಲಂಗ’ ಎಂದು ಬಂದಿದ್ದರಂತೆ. ನಾನು ಹೋದ ಕೂಡಲೇ ಬಾಗಿಲಿನ ಚೌಕಟ್ಟು ಹಿಡಿದು ಏಳುತ್ತಿದ್ದರು. ಕೂತ್ಕೊಳ್ಳಿ ಎಂದರೆ ಕೇಳುವವರಲ್ಲ. ಕೊನೆಗೆ ನಾನೊಂದು ಉಪಾಯ ಮಾಡಿದೆ. ಮುಖಕ್ಕೆ ಅಡ್ಡವಾಗಿ ಪೇಪರು ಹಿಡಿದು ಕೂತರೆ, ನಾನು ನೋಡುತ್ತಿಲ್ಲ ಎಂಬ ಧೈರ್ಯದಿಂದ ಅವರು ಮೆಲ್ಲಗೆ ಸ್ಟೂಲಿಗೆ ಇಳಿಯುತ್ತಿದ್ದರು. ಆದರೆ ಪೇಪರೆಂದಮೇಲೆ ಪುಟ ತಿರುಗಿಸಬೇಕಲ್ಲ. ತಿರುಗಿಸಿದಾಗಲೆಲ್ಲ ಅವರು ‘ಅಯ್ಯೋ ಕಡವುಳೇ’ ಎಂದು ಏಳುತ್ತಿದ್ದರು. ಚಿನ್ನದ ದರದ ಪುಟವನ್ನೇ ಅರ್ಧ ಗಂಟೆ ಓದಿದ್ದೇನೆ. ಅದೂ ಬೇಸರವಾಗಿ, ಆಫೀಸಿನ ಕೆಲಸದ ನೆಪ ಹೇಳಿ ಬೇಗ ಎದ್ದುಬರುವುದನ್ನು ರೂಢಿ ಮಾಡಿಕೊಂಡೆ.

ಹೀಗಿರುವಾಗ ರೇವತಿ ತಾಯಿಗೆ ಬ್ಯಾಟರಿಯ ನಾಲ್ಕು ಚಕ್ರದ ಸ್ಕೂಟರೊಂದನ್ನು ತಂದಳು. ನಡೆಯಲಾಗದವರು ಕೂತು ಹೋಗುವಂಥದ್ದು. ಮುಂದೆ ಬುಟ್ಟಿ, ಪುಟ್ಟ ದೀಪ, ಹಾರನ್ನು, ವೇಗಕ್ಕೊಂದು ತಿರುಪು, ಅದರ ಒಂದು ಕಡೆ ಆಮೆಯ ಚಿತ್ರ, ಇನ್ನೊಂದು ಕಡೆ ಮೊಲದ್ದು. ಗಾಲಿಕುರ್ಚಿಯ ಹೆಸರೆತ್ತಿದರೆ ಊಟ ಬಿಡುತ್ತಿದ್ದ ಅತ್ತೆ, ಹಾರನ್ ಒತ್ತಿ ನೋಡಿ ‘ಇದು ವಂಡಿ’, ಅಂದರೆ ಗಾಡಿ, ಎಂದು ತೀರ್ಪು ಕೊಟ್ಟರು. ಅಳಿಯ ಅಲ್ಲ, ಮಗಳ ಗಂಡ ಎಂದಂತಾಯಿತು. ವಂಡಿ ಎಂದಮೇಲೆ ಪೂಜೆ ಆಗಬೇಕು. ಕುಂಕುಮ ಇಟ್ಟು, ಹೂ ಮುಡಿಸಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ರೇವತಿ ಹತ್ತಿ ಓಡಿಸಿದಳು. ಆ ಬಡಪಾಯಿ ಚಕ್ರಕ್ಕೆ ನಿಂಬೆಹಣ್ಣು ಹಿಂಡುವ ಶಕ್ತಿ ಇರಲಿಲ್ಲ, ಮುಂದೆ ತಳ್ಳಿಕೊಂಡು ಹೋಯಿತು. ಬೀದಿಯವರೆಲ್ಲ ಹಣ್ಣಿನ ಹಿಂದೆ ಹೋದೆವು.

ನಾನಿಲ್ಲದಾಗ ಅತ್ತೆ ಅದರಲ್ಲಿ ಬೀದಿ ಸುತ್ತುತ್ತಿದ್ದರಂತೆ. ನಾನು ಹೋದರೆ ಮಾತ್ರ ಕೆಳಗಿಳಿದು ಅದರ ಹಿಡಿಕೆ ಹಿಡಿದು ನಿಲ್ಲುತ್ತಿದ್ದರು. ಮೊದಲು ಚೌಕಟ್ಟು, ಈಗ ಸ್ಕೂಟರು, ಅಷ್ಟೇ ಬದಲಾವಣೆ.

ಅತ್ತೆಗೆ ಒಂದು ಆಸೆ ಇತ್ತು, ಮೊಸಳೆ ನೋಡುವುದು. ಉಡುಮಲೈ ಆಚೆ ಅಮರಾವತಿ ಅಣೆಕಟ್ಟಿನ ಹತ್ತಿರ ಮೊಸಳೆ ಸಾಕುವ ಪಣ್ಣೆ ಇದೆ. ಚಿಕ್ಕವರಿದ್ದಾಗ ಶಾಲೆಯವರೆಲ್ಲ ಅಲ್ಲಿಗೆ ಹೋದ ದಿನ ಇವರನ್ನು ಮನೆಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತಲು ಕೂರಿಸಿದ್ದರಂತೆ. ಗೆಳತಿಯರು ಬಂದು ಮೊಸಳೆಯ ಹಲ್ಲಿನ ಬಗ್ಗೆ ಹೇಳಿದ್ದನ್ನು ಈಗಲೂ ಹೊಟ್ಟೆಕಿಚ್ಚಿನಿಂದ ಹೇಳುತ್ತಾರೆ. ಹೋದ ಪೊಂಗಲ್ ರಜೆಗೆ ಅಲ್ಲಿಗೆ ಹೋಗಿ, ಒಂದು ರಾತ್ರಿ ಉಡುಮಲೈಯಲ್ಲಿದ್ದು ಬರೋಣ ಎಂದು ರೇವತಿ ಹೊರಡಿಸಿದಳು. ಅತ್ತೆಯ ಮುಖ ಅರಳಿತು, ನಾನೂ ಬರುತ್ತೇನೆಂದು ಗೊತ್ತಾದ ಕೂಡಲೇ ಬಾಡಿತು.

‘ನೀವಿಬ್ರೂ ಹೋಗಿ ಬನ್ನಿ. ಮಾಪ್ಳೆ ನಡಕೊಂಡು ಬರಾದು, ನಾನು ರಾಣಿ ತರ ಅವ್ರ ಮುಂದೆ ಕೂತ್ಕೊಂಡು ಸುತ್ತಾದು, ನಂಗೆ ವೆಕ್ಕ ಆಗ್ತದೆ’ ಎಂದರು. ವೆಕ್ಕ ಎಂದರೆ ನಾಚಿಕೆ.

‘ಅವ್ರು ಬರ್ದೇ ಇದ್ರೆ ವಂಡಿ ಬಿಚ್ಚಿ ಜೋಡ್ಸೋರು ಯಾರಮ್ಮಾ?’ ಎಂದಳು ರೇವತಿ. ನನ್ನ ಸ್ಥಾನಮಾನ ನನಗೆ ಅಂದು ಸ್ಪಷ್ಟವಾಯಿತು.

ಕೂತರೆ ಮರ್ಯಾದೆ ಹೋಯಿತು, ನಿಂತರೆ ಮೊಸಳೆ ಹೋಯಿತು. ಆ ಹೆಂಗಸು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನನಗೆ ನಿಜವಾಗಿ ಪಾಪವೆನಿಸಿತು. ಕೊನೆಗೆ ರೇವತಿಯ ಮೂಲಕ ಒಂದು ಒಪ್ಪಂದವಾಯಿತು: ಅಲ್ಲಿ ಸುತ್ತುವಷ್ಟು ಹೊತ್ತೂ ನಾನು ಅತ್ತೆಯ ಬೆನ್ನ ಹಿಂದೆಯೇ ಇರಬೇಕು, ಅಪ್ಪಿತಪ್ಪಿಯೂ ಎದುರಿಗೆ ಬರಕೂಡದು. ಕಾಣದಿದ್ದರೆ ಇಲ್ಲದ ಹಾಗೆ.

ವ್ಯಾನಿನಲ್ಲಿ ನನ್ನನ್ನು ಮುಂದೆ ಡ್ರೈವರ್ ಸೆಲ್ವನ ಪಕ್ಕ ಕೂರಿಸಿದರು. ಅವರಿಬ್ಬರೂ ಹಿಂದೆ. ನಾನು ರಸ್ತೆ ನೋಡುತ್ತಿರುವವರೆಗೆ ಅತ್ತೆ ಕೂತಿರುವುದು ಲೆಕ್ಕಕ್ಕಿಲ್ಲ ಎಂದು ತೀರ್ಮಾನ. ಕನ್ನಡಿಯೊಂದು ಉಳಿದಿತ್ತು. ‘ಮಾಪ್ಳೆ ಕನ್ನಾಡಿ ನೋಡ್ತಾರೇನೋ’ ಎಂದು ಹಿಂದಿನಿಂದ ಗೊಣಗು ಕೇಳಿ ಸೆಲ್ವ ಅದನ್ನು ಮೇಲಕ್ಕೆ ತಿರುಗಿಸಿಬಿಟ್ಟ. ಉಡುಮಲೈವರೆಗೆ ಕನ್ನಡಿಯಲ್ಲಿ ವ್ಯಾನಿನ ಸೂರು ನೋಡಿಕೊಂಡು ಗಾಡಿ ಓಡಿಸಿದ. ಎರಡೂ ಕಡೆ ಗಾಳಿಯಂತ್ರಗಳು ಸೋಮಾರಿಯಾಗಿ ತಿರುಗುತ್ತಿದ್ದವು. ಅತ್ತೆ ಅವನ್ನು ಒಂದೊಂದಾಗಿ ಮಗಳಿಗೆ ತೋರಿಸುತ್ತ, ಹುಣಸೆ ಚಿತ್ರಾನ್ನದ ಡಬ್ಬಿ ತೆಗೆದು, ‘ಮಾಪ್ಳೆಗೆ ಕೊಡು, ತಿರುಗಬ್ಯಾಡ ಅಂತ ಹೇಳಿ ಕೊಡು’ ಎಂದರು. ನಾನು ಕೈ ಹಿಂದೆ ಚಾಚಿ ಭಿಕ್ಷೆಯಂತೆ ಪಡೆದು ತಿಂದೆ. ಚೆನ್ನಾಗಿತ್ತು.

ಪಣ್ಣೆಯ ಬಾಗಿಲಲ್ಲಿ ಇಳಿದು ಸ್ಕೂಟರಿನ ತುಂಡುಗಳನ್ನು ಜೋಡಿಸಿದೆ. ಮುಂಭಾಗ, ಹಿಂಭಾಗ, ಬ್ಯಾಟರಿ, ಸೀಟು. ಆಗಲೇ ಸುತ್ತ ಜನ ಸೇರಿ, ಮೊಸಳೆ ನೋಡಲು ಬಂದವರು ನಮ್ಮನ್ನೇ ನೋಡತೊಡಗಿದ್ದರು. ಅತ್ತೆ ಹತ್ತಿ ಕೂತರು. ನಾನು ಒಪ್ಪಂದದಂತೆ ಹಿಂದೆ ನಿಂತೆ. ರೇವತಿ ‘ನೀರಿನ ಬಾಟ್ಲು ವ್ಯಾನಲ್ಲೇ ಬಿಟ್ಟೆ’ ಎಂದು ವಾಪಸು ಓಡಿದಳು. ಅಲ್ಲಿಗೆ ನಮ್ಮಿಬ್ಬರ ನಡುವಿನ ದುಭಾಷಿ ಹೋದಳು ಎನ್ನುವುದು ನನಗೆ ಹೊಳೆಯಲಿಲ್ಲ.

ಈಗ ಆ ಸ್ಕೂಟರಿನ ಗುಣವನ್ನು ಹೇಳಬೇಕು. ಸೈಕಲ್ಲು, ಮೊಪೆಡ್ಡುಗಳಲ್ಲಿ ಕೈಹಿಡಿ ಅದುಮಿದರೆ ಗಾಡಿ ನಿಲ್ಲುತ್ತದೆ. ಇದರಲ್ಲಿ ಅದುಮಿದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಲೋಕಕ್ಕೆಲ್ಲ ಉಲ್ಟಾ. ಅಲ್ಲಿಯ ದಾರಿಯೋ ಮೊಸಳೆಗಳ ತೊಟ್ಟಿಯ ಕಡೆಗೆ ಇಳಿಜಾರು, ತಿರುಪು ಇದ್ದದ್ದು ಮೊಲದ ಕಡೆಗೆ. ಅತ್ತೆ ಹಿಡಿ ಅದುಮಿದರು. ಸ್ಕೂಟರು ನನ್ನ ಕೈಗೆ ಸಿಗದೆ ಹೊರಟಿತು. ಜನ ತಮಿಳಿನಲ್ಲಿ ‘ಬ್ರೇಕು ಪುಡಿಂಗಮ್ಮಾ, ಪುಡಿಂಗ!’ ಎಂದು ಅರಚಿದರು. ಪುಡಿ ಎಂದರೆ ಹಿಡಿ. ಅತ್ತೆ ಇನ್ನೂ ಬಿಗಿಯಾಗಿ ಹಿಡಿದರು. ನಾನು ಹಿಂದಿನಿಂದ ‘ಬಿಡಿ, ಬಿಡಿ!’ ಎಂದು ಕೂಗಿಕೊಂಡೆ. ನಮ್ಮ ಮಾತಿನಲ್ಲಿ ವಂಡಿ ಬಿಡುವುದೆಂದರೆ ಓಡಿಸುವುದು ಎಂಬುದನ್ನು ನಾನು ಮರೆತಿದ್ದೆ. ಮಾಪ್ಳೆಯೇ ಬಿಡು ಅಂದಮೇಲೆ ಇನ್ನೇನು? ಅತ್ತೆ ಬಿಟ್ಟರು ನೋಡಿ.

ಮುಂದೆ ಮೊಣಕಾಲೆತ್ತರದ ಗೋಡೆ, ಮೇಲೆ ತಂತಿ ಬಲೆ, ಆಚೆ ಮೊಸಳೆಗಳು. ನಾನು ಒಪ್ಪಂದ ಗಾಳಿಗೆ ತೂರಿ ಅಡ್ಡ ಹಾದಿಯಲ್ಲಿ ಓಡಿ, ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ಸ್ಕೂಟರಿನ ಎದುರಿಗೆ ನಿಂತುಬಿಟ್ಟೆ.

ಅತ್ತೆ ನನ್ನನ್ನು ಕಂಡರು. ಎದುರಿಗೆ ಮಾಪ್ಳೆ! ಎಷ್ಟೋ ವರ್ಷದ ಅಭ್ಯಾಸ. ಹಿಡಿ ಬಿಟ್ಟು, ಎರಡೂ ಕೈಯಿಂದ ಸೆರಗು ಹೊದ್ದುಕೊಂಡು, ಧಡಕ್ಕನೆ ಎದ್ದು ನಿಂತರು.

ಹಿಡಿ ಬಿಟ್ಟದ್ದೇ ಸ್ಕೂಟರು ಗಕ್ಕನೆ ನಿಂತಿತು, ಸರಿಯಾಗಿ ನನ್ನ ಎಡಗಾಲಿನ ಬೆರಳುಗಳ ಮೇಲೆ. ಯಾರೋ ಚಪ್ಪಾಳೆ ತಟ್ಟಿದರು.

ಹಿಡಿ ಬಿಟ್ಟರೆ ಅದರ ಚಕ್ರಗಳಿಗೆ ಬೀಗ ಬೀಳುತ್ತದೆ, ತಳ್ಳಿದರೆ ಅಲ್ಲಾಡದು. ಬೀಗ ಸಡಿಲಿಸಲು ಹಿಂದೆ ಎಲ್ಲೋ ಒಂದು ಕೀಲಿದೆ ಎಂದು ಕಂಪನಿಯ ಪುಸ್ತಕದಲ್ಲಿ ಓದಿದ್ದೆ. ಕಾಲ್ಬೆರಳು ಚಕ್ರದ ಕೆಳಗಿರುವಾಗ ಪುಸ್ತಕ ನೆನಪಿಗೆ ಬರುವುದಿಲ್ಲ. ಸ್ಕೂಟರು ಹಿಂದಕ್ಕೆ ಹೋಗಬೇಕಾದರೆ ಅತ್ತೆ ಕೂರಬೇಕು. ಅತ್ತೆ ಕೂರಬೇಕಾದರೆ ನಾನು ಎದುರಿಂದ ಹೋಗಬೇಕು. ನಾನು ಹೋಗಬೇಕಾದರೆ ಸ್ಕೂಟರು ಹಿಂದಕ್ಕೆ ಹೋಗಬೇಕು.

‘ಅತ್ತೆ, ದಯವಿಟ್ಟು ಕೂತುಕೊಳ್ಳಿ’ ಎಂದೆ. ನೋವಿನಲ್ಲೂ ರೇಡಿಯೊ ಕನ್ನಡವೇ ಬಂತು.

ಅತ್ತೆಯ ಮಂಡಿಗಳು ನಡುಗುತ್ತಿದ್ದವು. ಹಿಡಿಕೆಗೆ ಜೋತುಬಿದ್ದು ನಿಂತಿದ್ದರು, ಕಣ್ಣಲ್ಲಿ ನೀರು. ನನ್ನ ಕಾಲಿಗಿಂತ ಅದನ್ನು ನೋಡುವುದು ಹೆಚ್ಚು ಕಷ್ಟವಾಯಿತು. ನನಗೆ ಆ ಮೊದಲಿನಿಂದ ಬಂದ ಕಾನೂನಿನ ಮೇಲೆ ಕೆಟ್ಟ ಸಿಟ್ಟು ಬಂತು. ಅವರು ರೇವತಿಗಾಗಿ ಆ ಕಡೆ ಈ ಕಡೆ ಹುಡುಕಿದರು. ಅವಳಿಲ್ಲ. ಕೊನೆಗೆ ಬಲೆಯಾಚೆ ಬಾಯಿ ತೆರೆದು ಮಲಗಿದ್ದ ಮೊಸಳೆಯ ಕಡೆ ಮುಖ ತಿರುಗಿಸಿ, ಅದಕ್ಕೇ ಹೇಳಿದರು:

‘ಮಾಪ್ಳೇನ ಕಣ್ಣು ಮುಚ್ಕೊಳ್ಳೋಕೆ ಹೇಳು!’

ಮೊಸಳೆ ಏನೂ ಹೇಳಲಿಲ್ಲ. ನಾನೇ ಅರ್ಥ ಮಾಡಿಕೊಂಡು ಕಣ್ಣು ಮುಚ್ಚಿದೆ. ಸೀಟು ಕಿರುಗುಟ್ಟಿತು. ಆಮೇಲೆ ‘ಕೀಂ ಕೀಂ ಕೀಂ’ ಎಂದು ಸ್ಕೂಟರು ಹಿಂದಕ್ಕೆ ಸರಿಯಿತು, ಹೋಗುವಾಗ ಬೆರಳುಗಳನ್ನು ಇನ್ನೊಮ್ಮೆ ವಿಚಾರಿಸಿಕೊಂಡೇ ಹೋಯಿತು. ನಾನು ಅಲ್ಲೇ ನೆಲದ ಮೇಲೆ ಕುಸಿದು ಕಾಲು ಹಿಡಿದುಕೊಂಡು ಕಣ್ಣು ಬಿಟ್ಟರೆ, ಅತ್ತೆ ಸೀಟಿನ ಮೇಲೆ ಕೂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಎಷ್ಟು ತಡೆದರೂ ತಡೆಯಲಾರದ ನಗು. ನನಗೂ ಬಂತು. ನೀರಿನ ಬಾಟ್ಲು ಹಿಡಿದು ಬಂದ ರೇವತಿಗೆ ಅಮ್ಮ ಮೇಲೆ, ಗಂಡ ಕೆಳಗೆ, ಇಬ್ಬರೂ ನಗುವುದನ್ನು ಕಂಡು ಯಾರಿಗೆ ನೀರು ಕೊಡಬೇಕೆಂದೇ ತಿಳಿಯಲಿಲ್ಲ.

ಆಮೇಲೆ ಬಹಳ ಹೊತ್ತು ಅತ್ತೆ ಬಲೆಯ ಹತ್ತಿರವೇ ಇದ್ದರು. ಮೊಸಳೆಗಳು ಅಲ್ಲಾಡಲಿಲ್ಲ. ಉಳಿದವರೆಲ್ಲ ಇದೇನು ಬೊಂಬೆಯೋ ಎಂದು ಬೇಸರಪಟ್ಟು ಹೋದರು. ಅತ್ತೆ ಮಾತ್ರ ಕಣ್ಣು ಕೀಳದೆ ನೋಡಿ, ಮಗಳಿಗೆ ಹೇಳಿದರು: ‘ನೋಡೇ, ಯಾರು ಬಂದ್ರೂ ಅದು ಎದ್ದೇಳಲ್ಲ. ಅಂಗೇ ಬಿದ್ದಿರ್ತದೆ. ಮರಿಯಾದೆ ಇಲ್ಲ ಅಂತ ಒಬ್ರಾದ್ರೂ ಅಂತಾರಾ? ಬಯ ಪಡ್ತಾರೆ.’

ಅಂದಿನಿಂದ ವಂಡಿಯ ಮೇಲಿದ್ದಾಗ ಅತ್ತೆ ಇಳಿಯುವುದಿಲ್ಲ. ‘ಇದು ಕೂತಿರಾದಲ್ಲ, ಹೋಗಾದು’ ಎಂದು ತಮಗೆ ತಾವೇ ಒಂದು ತಿದ್ದುಪಡಿ ಮಾಡಿಕೊಂಡರು. ಸ್ಟೂಲು, ಕುರ್ಚಿಗಳ ವಿಷಯದಲ್ಲಿ ಹಳೆಯ ಕಾನೂನೇ ಇತ್ತು. ನನ್ನ ಚಿಕ್ಕ ಬೆರಳಿನ ಉಗುರು ಬಿದ್ದು ಹೊಸದು ಬಂತು.

ಇಲ್ಲಿಯವರೆಗೆ ಬೆಳಿಗ್ಗೆಯೇ ಬರೆದಿಟ್ಟು, ಮಧ್ಯಾಹ್ನ ಪಲ್ಲಡಂಗೆ ಹೋದೆವು. ವಂಡಿ ಮೂಲೆಯಲ್ಲಿ ಚಾರ್ಜಿಗೆ ನಿಂತಿತ್ತು. ಅತ್ತೆ ಹಜಾರದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಪಕ್ಕದ ಮನೆಯ ಪಾಟಿ, ಅಂದರೆ ಅಜ್ಜಿಯೊಂದಿಗೆ ಅವರೆಕಾಯಿ ಸುಲಿಯುತ್ತಿದ್ದರು. ನಾನು ಒಳಗೆ ಕಾಲಿಟ್ಟೆ. ಪಾಟಿ ಮೊಣಕೈಯಿಂದ ತಿವಿದಳು. ಅತ್ತೆ ಕೂತೇ ಇದ್ದರು. ಬಾಗಿಲಲ್ಲೇ ನನಗೆ ಗಾಬರಿಯಾಯಿತು, ಮಂಡಿ ಇನ್ನೂ ಕೆಟ್ಟಿರಬೇಕು ಎಂದುಕೊಂಡೆ.

‘ಏನಮ್ಮಾ, ಮಾಪ್ಳೆ ಬಂದವ್ರೆ, ನೀನು ಕುಂತೇ ಇದ್ದೀಯಲ್ಲ?’ ಎಂದಳು ಪಾಟಿ.

ಅತ್ತೆ ರೇವತಿಯನ್ನು ಕರೆಯಲಿಲ್ಲ. ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿ, ತಲೆಯೆತ್ತಿ ನೇರವಾಗಿ ನನ್ನನ್ನೇ ನೋಡಿದರು.

‘ನಾನು ನಿಂತ್ರೆ ನೀವು ಬೇಗ ಹೊರಟುಬಿಡ್ತೀರಿ, ಅಲ್ವಾಂಗ ಮಾಪ್ಳೆ?’

ನಾನು ನೆಪಕ್ಕೆಂದು ತಂದಿದ್ದ ಆಫೀಸಿನ ಬ್ಯಾಗು ಕೆಳಗಿಟ್ಟು, ಅವರ ಎದುರಿಗೊಂದು ಕುರ್ಚಿ ಎಳೆದುಕೊಂಡು, ಅವರೆಕಾಯಿಗೆ ಕೈ ಹಾಕಿದೆ.