ತಗ್ಗಿನ ಗದ್ದೆಯ ಮಣ್ಣು

ಕುಂದಾಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ನಾನು ನಲವತ್ತು ದಾಟಿದ ಮೇಲೆ ಪಿಎಚ್‌ಡಿಗೆ ಸೇರಿದೆ. ನಮ್ಮ ಕಡೆಯ ಹಳೆಯ ಇಟ್ಟಿಗೆಗಳಿಗೆ ಮಣ್ಣು ಎಲ್ಲಿಂದ ಬಂತು ಎಂಬುದು ನನ್ನ ವಿಷಯ. ರಜೆ ಸಿಕ್ಕಾಗಲೆಲ್ಲ ಬೈಂದೂರಿನಿಂದ ಬ್ರಹ್ಮಾವರದವರೆಗೆ ಬಸ್ಸಿನಲ್ಲಿ ಓಡಾಡಿ, ಹೊಳೆ ದಂಡೆಯ, ಗದ್ದೆಯ, ಹಂಚಿಗಾಗಿ ಹಿಂದೆ ತೋಡಿದ ಹೊಂಡಗಳ ಜೇಡಿಮಣ್ಣನ್ನು ಚೀಲಗಳಲ್ಲಿ ತುಂಬಿ ತರುತ್ತಿದ್ದೆ. ಕಂಡಕ್ಟರುಗಳು ಮೊದಮೊದಲು ಚೀಲದಲ್ಲಿ ಏನಿದೆ ಎಂದು ಕೇಳುತ್ತಿದ್ದರು. ಆಮೇಲೆ ಕೇಳುವುದನ್ನೇ ಬಿಟ್ಟರು.

ಮಣ್ಣು ಬೇಕಾದಷ್ಟು ಸಿಕ್ಕಿತು. ಕಷ್ಟವಾದದ್ದು ಹಳೆಯ ಇಟ್ಟಿಗೆ. ನನ್ನ ಸಹೋದ್ಯೋಗಿಯ ದೂರದ ಸಂಬಂಧಿಯೊಬ್ಬರು, ಅರವತ್ತರ ಆಸುಪಾಸಿನ ಹೆಂಗಸು, ಬ್ರಹ್ಮಾವರದ ಆಚೆ ಹೊಳೆಯ ಬದಿಯಲ್ಲಿ ಬೇಸಾಯ ಮಾಡಿಕೊಂಡಿದ್ದರು. ಊರಿನ ಹೆಸರನ್ನು ಈಗಲೂ ಹೇಳುವಂತಿಲ್ಲ. ತೆಂಗಿನ ಸಸಿಗೆ ಗುಂಡಿ ತೋಡಿಸುವಾಗ ಅವರಿಗೆ ಅಗಲವಾದ ಇಟ್ಟಿಗೆಗಳು ಸಿಕ್ಕಿದ್ದವು. ಕೊಡಪಾನ ಇಡಲು ಬಾವಿಯ ಪಕ್ಕ ಅವನ್ನು ಜೋಡಿಸಿಟ್ಟಿದ್ದರು.

ಒಂದನ್ನು ಕೇಳಿದೆ. ಕೂಡಲೇ ಕೊಡಲಿಲ್ಲ. ಜಮೀನಿನ ಮೇಲಿನ ಮೂಲೆಯಲ್ಲಿ ಮಗಳಿಗೆ ಮನೆ ಕಟ್ಟಿಸುವ ಯೋಚನೆ ಅವರಿಗಿತ್ತು. ಹಳೆಯ ಇಟ್ಟಿಗೆಯ ಸುದ್ದಿ ಹೊರಗೆ ಹೋದರೆ ಯಾವುದಾದರೂ ಇಲಾಖೆಯವರು ಬಂದು ಪಾಯ ತೆಗೆಯಲು ಬಿಡುವುದಿಲ್ಲ ಎಂಬ ಹೆದರಿಕೆ.

"ಇಟ್ಗಿ ತಕಂಡ್ ಹೋಯ್ನಿ ಟೀಚರೇ," ಎಂದರು ಕೊನೆಗೆ. "ನಮ್ ಗದ್ದಿ ಹೆಸ್ರ್ ಮಾತ್ರ ಎಲ್ಲೂ ಬರೂಕಾಗ."

ಹೆಸರು ಎಲ್ಲೂ ಬರುವುದಿಲ್ಲ ಎಂದು ಮಾತು ಕೊಟ್ಟೆ. ಇಟ್ಟಿಗೆಯ ಜೊತೆಗೆ ಹೊಳೆ ದಂಡೆಯಿಂದ ಒಂದು ಚೀಲ, ಅವರ ತಗ್ಗಿನ ಗದ್ದೆಯಿಂದ ಒಂದು ಚೀಲ ಮಣ್ಣನ್ನೂ ತಂದೆ.

ಇಟ್ಟಿಗೆ ಹೊಳೆಯ ಮಣ್ಣಿನದೇ ಇರಬೇಕೆಂದು ನಾನು ಮೊದಲೇ ತೀರ್ಮಾನಿಸಿ ಕರಡಿನಲ್ಲಿ ಬರೆದೂ ಆಗಿತ್ತು. ಎರಡೂ ಮಣ್ಣಿನಿಂದ ಸಣ್ಣ ಬಿಲ್ಲೆಗಳನ್ನು ತಟ್ಟಿ ಲ್ಯಾಬಿನ ಕುಲುಮೆಯಲ್ಲಿ ಸುಟ್ಟೆ. ಉಬ್ಬರಕ್ಕೆ ಸಮುದ್ರದ ನೀರು ಏರುವ ಆ ಹೊಳೆಯ ಮಣ್ಣಿನ ಬಿಲ್ಲೆಗಳ ಮೇಲೆ ಕೆಲವೇ ದಿನಗಳಲ್ಲಿ ಬಿಳಿ ಉಪ್ಪು ಎದ್ದಿತು. ಸೂಕ್ಷ್ಮದರ್ಶಕದಲ್ಲಿ ಅವುಗಳೊಳಗೆ ಚಿಪ್ಪಿನ ಚೂರುಗಳು ಕಂಡವು. ಇಟ್ಟಿಗೆಯಲ್ಲಿ ಉಪ್ಪೂ ಇರಲಿಲ್ಲ, ಚಿಪ್ಪೂ ಇರಲಿಲ್ಲ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ಕೆಂಪು ಕಾಳುಗಳಿದ್ದವು, ಥೇಟ್ ತಗ್ಗಿನ ಗದ್ದೆಯ ಮಣ್ಣಿನಲ್ಲಿ ಇದ್ದಂತೆ. ಹೊರಗೆ ಮಾಡಿಸಿದ ಎಕ್ಸ್‌-ರೇ ಪರೀಕ್ಷೆಯಲ್ಲಿ ಖನಿಜಗಳೂ ಹೊಂದಿಕೊಂಡವು. ಬರೆದದ್ದನ್ನು ಹೊಡೆದು ಹಾಕಿದೆ. ತಪ್ಪಾಯಿತೆಂಬ ಬೇಸರಕ್ಕಿಂತ ಖುಷಿಯೇ ಹೆಚ್ಚಿತ್ತು.

ಅದನ್ನು ಹೇಳಲು ಆ ಮನೆಗೆ ಹೋದೆ. ಗದ್ದೆ ತಗ್ಗಾಗಿರುವುದು ಬಹುಶಃ ಇಟ್ಟಿಗೆಗೆಂದು ಮಣ್ಣು ತೆಗೆದದ್ದರಿಂದ ಇರಬೇಕು ಎಂದೆ. ಅಲ್ಲೊಂದು ಕೆರೆಯಿತ್ತು, ಅದು ಹೂತುಹೋಯಿತು ಎಂದೇ ಮನೆಯವರೆಲ್ಲ ನಂಬಿದ್ದರಂತೆ.

"ಹಾಂಗಾರೆ ಅಜ್ಜಯ್ಯ ಹೇಳ್ದ್ ಸುಳ್ಳಾ?" ಎಂದು ಕೇಳಿದರು.

ಮಣ್ಣು ತೆಗೆದ ಗುಂಡಿಯಲ್ಲಿ ನೀರು ನಿಂತು ಆಮೇಲೆ ಕೆರೆಯೂ ಆಗಿರಬಹುದು ಎಂದೆ. ಅದು ಅವರಿಗೆ ಹಿಡಿಸಿತು. ಹೆಸರು ಹಾಕಬಹುದೇ ಎಂದು ಇನ್ನೊಮ್ಮೆ ಕೇಳಿ ನೋಡಿದೆ. ಬೇಡವೆಂದು ತಲೆ ಅಲ್ಲಾಡಿಸಿದರು. ಮಗಳ ಮನೆ ಕಟ್ಟುವ ಕೆಲಸ ಇನ್ನೂ ಶುರುವಾಗಿರಲಿಲ್ಲ.

ನನ್ನ ಮಾರ್ಗದರ್ಶಕರು ಒಪ್ಪಲಿಲ್ಲ. ಸ್ಥಳವನ್ನು ನಕ್ಷೆಯಲ್ಲಿ ತೋರಿಸದಿದ್ದರೆ ಬೇರೊಬ್ಬರು ಪರೀಕ್ಷಿಸಿ ನೋಡುವುದು ಹೇಗೆ ಎಂದರು. ಅವರು ಹೇಳಿದ್ದು ಸರಿಯೇ. ಮೂರು ದಿನ ಯೋಚಿಸಿ ಆ ಅಧ್ಯಾಯವನ್ನೇ ತೆಗೆದೆ. ಉಳಿದದ್ದು ಕುಂದಾಪುರ, ಬೈಂದೂರು ಕಡೆಯ ಮಣ್ಣುಗಳ ಪಟ್ಟಿಗಳು, ಓಡಾಟದಲ್ಲಿ ಸಿಕ್ಕ ಒಂದಷ್ಟು ಮಡಕೆ ಚೂರುಗಳ ವಿವರ. ಡಿಗ್ರಿ ಬಂತು. ಪ್ರಬಂಧ ಸಪ್ಪೆಯಾಗಿದೆ ಎಂದು ಪರೀಕ್ಷಕರೊಬ್ಬರು ಮುಖದ ಮೇಲೆಯೇ ಹೇಳಿದರು. ಆ ದಿನ ಮಾತು ಕೊಟ್ಟದ್ದಕ್ಕೆ ಪಶ್ಚಾತ್ತಾಪವಾಗಲಿಲ್ಲ ಎಂದರೆ ಸುಳ್ಳಾದೀತು.

ತೆಗೆದ ಅಧ್ಯಾಯವನ್ನು ಕನ್ನಡದಲ್ಲಿ ಎರಡು ಪುಟಕ್ಕೆ ಇಳಿಸಿ ಆ ಹೆಂಗಸಿಗೆ ಕೊಟ್ಟು ಬಂದೆ. ಜಗಲಿಯಲ್ಲಿ ಕುಳಿತು, ಕನ್ನಡಕ ಹಾಕಿಕೊಂಡು, ನಿಧಾನವಾಗಿ ಪೂರ್ತಿ ಓದಿದರು. ಒಂದು ವಿಷಯ ಬಿಟ್ಟುಹೋಗಿದೆ ಎಂದರು.

"ನಮ್ದ್ರಂಗೆ ಸುಗ್ಗಿ ಬೆಳಿ ಆಪ್ದ್ ಈ ಗದ್ದಿಯಂಗೆ ಮಾತ್ರ. ಅದ್ನೂ ಸೇರ್ಸಿ."

ತಗ್ಗಿನಲ್ಲಿ ತೇವ ಉಳಿಯುವುದರಿಂದ, ಮಳೆಗಾಲದ ಬೆಳೆ ಕೊಯ್ದ ಮೇಲೆ ಎರಡನೆಯ ಬೆಳೆ ಅವರಲ್ಲಿ ಆ ಗದ್ದೆಯಲ್ಲಿ ಮಾತ್ರ ಬರುತ್ತಿತ್ತು. ಪುಟದ ಕೆಳಗೆ ಜಾಗವಿತ್ತು. ಅಲ್ಲೇ ಬರೆದುಕೊಟ್ಟೆ.