ನೀರೊಳಗೆ ಪುಟ್ಟತಾಯಕ್ಕ ಹಾಕಿದ ಗಂಟು

ಪುಟ್ಟತಾಯಕ್ಕನ ಬಲಗಾಲಿನ ಹೆಬ್ಬೆರಳು ಬರಿದಾಗಿದ್ದುದನ್ನು ನಾನು ನೋಡಿದ್ದು ಅಪರೂಪ. ಕೊಳ್ಳೇಗಾಲದ ಮಾರ್ಕೆಟ್ ಬಾಗಿಲಲ್ಲಿ ಕೂತು, ಬಾಳೆನಾರಿನ ಒಂದು ತುದಿಯನ್ನು ಆ ಬೆರಳಿಗೆ ಸಿಕ್ಕಿಸಿಕೊಂಡು ಹೂ ಕಟ್ಟುತ್ತಿದ್ದರು. ನಡುನಡುವೆ ಹೂವಿಗೆ ನೀರು ಚಿಮುಕಿಸುತ್ತ, ಪಕ್ಕದ ತೆಂಗಿನಕಾಯಿ ಅಂಗಡಿಯ ಮಾದೇಶನನ್ನು ಬೈಯುತ್ತಿದ್ದರು.

"ನಾ ಕಟ್ಟಿದ್ದು ಇವತ್ಗಂಟ ಬಿಚ್ಚಿಲ್ಲ ಕಣ್ಲಾ. ಮದ್ವೆ ಬಿಚ್ಚೋಗವೆ, ಆರ ಬಿಚ್ಚಿಲ್ಲ!"

ನಾನು ಪತ್ರಿಕೆಯೊಂದರ ವರದಿಗಾರ; ಮಾರ್ಕೆಟ್ ಹಿಂದಿನ ಬೀದಿಯಲ್ಲೇ ನಮ್ಮ ಮನೆ. ಮಧ್ಯಾಹ್ನ ಕಾಫಿಗೆ ಬಂದ ಅಕ್ಕ ಒಂದು ದಿನ, ನನ್ನ ಮೀನಿನ ತೊಟ್ಟಿಯ ಮುಂದೆ ನಿಂತರು. ತೊಟ್ಟಿಯೊಳಗೆ ಅಂದಕ್ಕೆ ಇಡಲೆಂದು, ಹೊಳೆದಂಡೆಯಲ್ಲಿ ಸಿಕ್ಕ ಮರದ ಬೇರೊಂದಕ್ಕೆ ನಾನು ಪಾಚಿ ಕಟ್ಟುತ್ತಿದ್ದೆ. ನೀರಿಗಿಳಿಸಿದ ತಕ್ಷಣ ಪಾಚಿ ಬೇರನ್ನು ಬಿಟ್ಟು ಮೇಲೆ ತೇಲುತ್ತಿತ್ತು.

"ಅಂಗಡೀಲಿ ತಂದ್ರಾ? ಪಾಚೀನೂ ಮಾರ್ತಾರಾ ಸಾ?" ಅಕ್ಕನಿಗೆ ನಗು ತಡೆಯಲಾಗಲಿಲ್ಲ.

ಮರುದಿನ ಅವರೇ ಕಾಮಗೆರೆಯ ಯಾವುದೋ ಬಾವಿಗೋಡೆಯಿಂದ ದಪ್ಪ ಹಸಿರು ಪಾಚಿ ಕೆರೆದು ತಂದರು. ಬೇರಿನ ಒಂದು ಕವಲನ್ನು ಕಾಲ್ಬೆರಳುಗಳ ನಡುವೆ ಹಿಡಿದು, ಮದುವಣಗಿತ್ತಿಗೆ ಮೊಗ್ಗಿನ ಜಡೆ ಹಾಕುವ ಶ್ರದ್ಧೆಯಿಂದ ಬಾಳೆನಾರಿನಲ್ಲಿ ಬಿಗಿದರು. ನೀರಿನೊಳಗೆ ಇಟ್ಟ ಮೇಲೂ ಅಭ್ಯಾಸಬಲದಿಂದ ತೊಟ್ಟಿಯ ಮೇಲೆ ನೀರು ಚಿಮುಕಿಸಿದರು.

ಗೋಡೆಯ ಪಾಚಿಗೆ ನೀರೊಳಗಿನ ಬದುಕು ಗೊತ್ತಿರಲಿಲ್ಲ, ಬಾಳೆನಾರಿಗೂ ಅಷ್ಟೆ. ನಾಲ್ಕನೇ ದಿನ ನಾರು ಕೊಳೆತು ಜಾರಿತು, ಪಾಚಿ ಕಂದು ಬಣ್ಣಕ್ಕೆ ತಿರುಗಿ ತೇಲಿತು, ನೀರು ನಾತ ಹೊಡೆಯಿತು. ಅದನ್ನು ನಾನು ಮಾದೇಶನಿಗೆ ಹೇಳಬಾರದಿತ್ತು. ಹೇಳಿಬಿಟ್ಟೆ.

"ಏನಕ್ಕೋ, ನೀ ಕಟ್ಟಿದ್ದು ಬಿಚ್ಚೋಯ್ತಂತೆ!" ಎಂದು ಅವನು ಗಿರಾಕಿಗಳೆದುರೇ ಕೂಗಿದ.

ಅಕ್ಕ ಎದ್ದು ನಿಂತರು. ಬೆರಳಿನ ನಾರು ಕಿತ್ತುಹೋಯಿತು. "ಲೇ ಮಾದೇಶ, ಇನ್ನೊಂದ್ಸಲ ಕಟ್ತೀನಿ. ಅದೂ ಬಿಚ್ಚುದ್ರೆ ಈ ಜನ್ಮದಲ್ಲಿ ಊವ ಮುಟ್ಟಕಿಲ್ಲ!"

ಮಾತು ಆಡಿಯಾಗಿತ್ತು. ಮಾರ್ಕೆಟ್ ಕೇಳಿಸಿಕೊಂಡಾಗಿತ್ತು.

ಈ ಸಲ ಅಂಗಡಿಯ ಪಾಚಿಯನ್ನೇ ಒಪ್ಪಿದರು. ಮೂಸಿದರು, ಕಂದಿದ ಎಳೆಗಳನ್ನು ಬಾಡಿದ ಮಲ್ಲಿಗೆಯಂತೆ ಆರಿಸಿ ಎಸೆದರು, ಉಳಿದದ್ದನ್ನು ಬೇರಿನ ಮೇಲೆ ತೆಳ್ಳಗೆ ಹರಡಿದರು. "ದಪ್ಪ ಇಟ್ರೆ ಒಳಗಿಂದಕ್ಕೆ ಉಸ್ರು ಕಟ್ತದೆ ಸಾ." ನಾರಿನ ಬದಲು ಹಸಿರು ನೂಲಿನ ದಾರ. ಸುತ್ತಿ ಸುತ್ತಿ, ಕಣ್ಣಿಗೆ ಕಾಣದ ಒಂದು ಗಂಟು.

ನೀರಿಗಿಳಿಸಿದ ಮೇಲೆ ದಾರದ ಒಂದು ತುದಿ ಹೊರಗೆ ಚಾಚಿರುವುದು ಕಂಡಿತು. ನಾನು ಕತ್ತರಿ ತರಲು ತಿರುಗಿದೆ. ಅಷ್ಟರಲ್ಲಿ ನಲವತ್ತು ವರ್ಷಗಳ ಅಭ್ಯಾಸ ಕೆಲಸ ಮಾಡಿತ್ತು: ಅಕ್ಕ ಕಿವಿಯವರೆಗೂ ಮುಖವನ್ನು ತೊಟ್ಟಿಯಲ್ಲಿ ಮುಳುಗಿಸಿ, ಹಲ್ಲಿನಿಂದ ದಾರ ಕಡಿದರು. ಮೇಲೆದ್ದಾಗ ಮೂಗಿನಿಂದ ನೀರು ಸುರಿಯುತ್ತಿತ್ತು.

"ನಿಮ್ ಮೀನು ಮುತ್ಕೊಡ್ತು ಸಾ. ನಮ್ಮೆಜಮಾನ್ರಿಗೆ ಯೋಳ್ಬೇಡಿ."

ಆಮೇಲೆ ದಿನವೂ ಬಂದು ತೊಟ್ಟಿ ನೋಡುತ್ತಿದ್ದರು. ಪಾಚಿ ಬಿಚ್ಚಲಿಲ್ಲ, ಅಕ್ಕ ಹೂ ಕಟ್ಟುವುದೂ ನಿಲ್ಲಲಿಲ್ಲ. ಕಳೆದ ವರ್ಷ ಮಂಡಿನೋವು ಹೆಚ್ಚಾಗಿ ಶಾಗ್ಯ ಊರಿನಲ್ಲಿರುವ ಮಗಳ ಮನೆಗೆ ಹೊರಟರು. ಬಸ್ಸಿನ ಕಿಟಕಿಯಿಂದಲೂ ಅದೇ ಮಾತು: "ಬಿಚ್ಚುದ್ರೆ ಪೋನ್ ಮಾಡಿ. ಸುಳ್ಳಾಡ್ಬೇಡಿ."

ಮೊನ್ನೆ ಬೆಳೆದ ಪಾಚಿಯನ್ನು ಕತ್ತರಿಸುವಾಗ ದಾರ ಹುಡುಕಿದೆ. ಎಲ್ಲೂ ಇರಲಿಲ್ಲ. ವರದಿಗಾರನಾದವನು ಕಂಡದ್ದನ್ನು ಹೇಳಬೇಕು. ಫೋನ್ ಮಾಡಿದೆ.

"ದಾರ ಕೊಳೆತು ಹೋಗಿದೆ ಅಕ್ಕ."

ಅಕ್ಕ ಕೇಳಿದ್ದು ಒಂದೇ ಮಾತು: "ಪಾಚಿ?"

"ತಾನೇ ಮರಕ್ಕೆ ಅಂಟಿಕೊಂಡಿದೆ. ಎಳೆದರೂ ಬರಲ್ಲ."

ಆಮೇಲೆ ಪಿಸುಮಾತು: "ದಾರದ್ ವಿಸ್ಯ ಆ ಮಾದೇಶನ್ಗೆ ಯೋಳ್ಬೇಡಿ ಸಾ. ಇಲ್ಲೂ ಒಂದೆರಡು ಆರ ಕಟ್ತಾ ಇವ್ನಿ."

ಈಗ ಮಾರ್ಕೆಟ್ ಬಾಗಿಲಿನ ಆ ಜಾಗದಲ್ಲಿ ಮಾದೇಶ ತೆಂಗಿನಕಾಯಿ ರಾಶಿ ಹಾಕಿದ್ದಾನೆ. ಬೈಯುವವರಿಲ್ಲದೆ ಸ್ವಲ್ಪ ಮಂಕಾಗಿದ್ದಾನೆ. ನಿನ್ನೆ ಕೇಳಿದ: "ಅಕ್ಕನ ಪಾಚಿ ಎಂಗದೆ ಸಾ?"

"ಗಟ್ಟಿಯಾಗಿದೆ" ಎಂದೆ. ಅಷ್ಟೇ ಹೇಳಿದೆ.